ಅಜ್ಜಿ ಕೈ ನಿಲ್ಲಿಸಿದಾಗ

ಅವನು ಅಜ್ಜಿಯ ಮೊಣಕಾಲನ್ನು ಎರಡು ಸಲ ತಟ್ಟಿದ. ಅಜ್ಜಿ ಮತ್ತೆ ರೊಟ್ಟಿ ಬಡಿಯತೊಡಗಿದರು. ಈ ಮಂಗಳವಾರ ಹಾವೇರಿ ಹತ್ತಿರದ ಒಂದು ಅಡುಗೆಮನೆಯಲ್ಲಿ ನಡೆದದ್ದು ಇಷ್ಟೇ. ಆ ಎರಡು ತಟ್ಟು ಮಾತ್ರ ಇನ್ನೂ ಕಣ್ಣ ಮುಂದಿನಿಂದ ಸರಿದಿಲ್ಲ.

ಹುಡುಗನಿಗೆ ಆರು ವರ್ಷ. ಹುಟ್ಟಿನಿಂದ ಕಾಣಿಸದು, ಕೇಳಿಸದು. ರೊಟ್ಟಿ ಬಡಿಯುವ ಹೊತ್ತಿಗೆ ಅಂಗೈ ನೆಲಕ್ಕೂರಿ ಕೂರುತ್ತಾನೆ. ದಪದಪ ಸಪ್ಪಳ ಅವನಿಗೆ ಅಂಗೈಯಿಂದ ಏರಿ ಬರುತ್ತದೆ. ಏಳೆಂಟು ಬಡಿತವಾದ ಮೇಲೆ ಅಜ್ಜಿ ಬೇಕಂತಲೇ ನಿಲ್ಲಿಸಿ ಕಾಯುತ್ತಾರೆ. ಅಂದು ಅವನ ಕೈ ಅಲ್ಲಾಡುವಷ್ಟರಲ್ಲಿ ಮನಸ್ಸಿನ ಎಣಿಕೆ 20 ಮುಟ್ಟಿತ್ತು. ಹೆಚ್ಚಿನವರು 3ಕ್ಕೇ ತಾಳ್ಮೆಗೆಟ್ಟು ತಾವೇ ಮಾಡಿಬಿಡುತ್ತಾರೆ. ಮಗು ‘ಇನ್ನೂ ಬೇಕು’ ಎಂದು ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಕಲಿಸಲು ಬಂದಿದ್ದ ಹುಡುಗಿ ಒಳ್ಳೆಯವಳೇ, ಆದರೆ ಅವಸರ ಬಹಳ. ಅವನ ಮಣಿಕಟ್ಟು ಹಿಡಿದು ‘ರೊಟ್ಟಿ’ ಸನ್ನೆ ಮಾಡಿಸಲು ಹೋದಳು. ಅವನು ಮುಷ್ಟಿ ಬಿಗಿದು ಕೈಯನ್ನು ಬೆನ್ನ ಹಿಂದೆ ಒಯ್ದ. ಅಜ್ಜಿ ಹಿಟ್ಟಿನ ಕೈಯಲ್ಲೇ ತಡೆದರು: “ಕೈ ಜಗ್ಗಬ್ಯಾಡ ಯವ್ವಾ. ಅವಂಗ ಕಣ್ಣು, ಕಿವಿ, ನಾಲಿಗಿ ಎಲ್ಲಾ ಆ ಕೈಯಾಗ ಐತಿ. ನಿನ್ನ ನಾಲಿಗಿ ಹಿಡದು ಯಾರರ ಮಾತಾಡ್ಸಿದ್ರ ನೀ ಸುಮ್ನಿರತಿದ್ದೇನು?”

ನಾಲಿಗೆ ಹಿಡಿದು ಮಾತಾಡಿಸುವುದು! ಇದಕ್ಕಿಂತ ಚೆನ್ನಾಗಿ ಯಾವ ತರಬೇತಿಯೂ ಹೇಳಲಾರದು. ನಮ್ಮ ಕೈ ಕೆಳಗೆ, ಮಗುವಿನ ಕೈ ಮೇಲೆ ಇರಬೇಕು. ಮೊದಲು ಭುಜ ಮುಟ್ಟಿ ಬಂದದ್ದು ತಿಳಿಸಿ, ಅಲ್ಲೇ ತುಸು ತಡೆದು, ತೋಳಿನುದ್ದಕ್ಕೂ ಇಳಿದು ಅವನ ಅಂಗೈ ಅಡಿಗೆ ನಮ್ಮ ಕೈ ಚಾಚಬೇಕು. ಆಮೇಲೆ ನಮ್ಮ ಕೈ ಹಿಟ್ಟಿಗೆ ಹೋಗಲಿ. ಅವನ ಬೆರಳು ಅದರ ಬೆನ್ನೇರಿ ಬರುತ್ತವೆ, ಬೇಡವೆನಿಸಿದರೆ ಇಳಿದುಹೋಗುತ್ತವೆ. ಇಳಿದುಹೋಗುವುದೂ ಒಂದು ಉತ್ತರವೇ.

ಅಜ್ಜಿಯ ಗುರುತು ಗಾಜಿನ ಬಳೆ. ಬಂದ ಕೂಡಲೇ ಮುಟ್ಟಿಸುತ್ತಾರೆ, ಹೊರಡುವಾಗಲೂ. ಹೇಳದೆ ಎದ್ದುಹೋದರೆ ಅವನ ಪಾಲಿಗೆ ಮನುಷ್ಯ ಮಾಯವಾದಂತೆ. ಮುಂದೇನು ಎಂಬುದನ್ನೂ ಹೀಗೆ ವಸ್ತು ಮುಟ್ಟಿಸಿಯೇ ತಿಳಿಸುತ್ತಾರೆ: ಸ್ನಾನಕ್ಕೆ ತಂಬಿಗೆ, ಅಂಗಳಕ್ಕೆ ಚಪ್ಪಲಿ. ದಿನಾ ಅದೇ ತಂಬಿಗೆ, ಅದೂ ನೀರು ಬೀಳುವ ಮೊದಲೇ ಕೈಗೆ. ಮುಗಿದ ಮೇಲೆ ಇಬ್ಬರೂ ಸೇರಿ ಅದನ್ನು ಬುಟ್ಟಿಗೆ ಹಾಕುತ್ತಾರೆ. ಬಸ್ಸಿಗೆಂದು ಆ ಹುಡುಗಿ ಪ್ಲಾಸ್ಟಿಕ್ ಆಟಿಕೆ ತಂದಿದ್ದಳು. ಕಾಣುವವರಿಗೆ ಅದು ಬಸ್ಸು, ಅವನ ಬೆರಳಿಗೆ ನಾಲ್ಕು ಗಾಲಿಯ ಡಬ್ಬಿ. ಅವನಿಗೆ ಬಸ್ಸೆಂದರೆ ಹತ್ತುವಾಗ ಹಿಡಿಯುವ ತಣ್ಣನೆ ಕಂಬಿ. ಅಂಥದೇ ಗೇಣುದ್ದದ ಕಬ್ಬಿಣದ ಪೈಪು ಸಾಕಾಗಿತ್ತು.

ಇಂಥ ಮಕ್ಕಳೆಂದರೆ ಎಲ್ಲರೂ, ಅಂಗೈ ಮೇಲೆ ಬೆರಳಿನಿಂದ ಮೂಡಿಸಿದ ಅಕ್ಷರಗಳಿಂದ ಭಾಷೆ ಕಲಿತ ಹೆಲೆನ್ ಕೆಲರ್ ಹೆಸರು ಎತ್ತುತ್ತಾರೆ. ಆಕೆ 19 ತಿಂಗಳವರೆಗೆ ಕಂಡಿದ್ದಳು, ಕೇಳಿದ್ದಳು. ಹುಟ್ಟಿನಿಂದಲೇ ಹೀಗಿರುವ ಮಗುವಿಗೆ ಅಂಗೈ ಮೇಲಿನ ಅಕ್ಷರಕ್ಕೂ ಮೊದಲು, ತಾನು ಕೇಳಿದರೆ ಎದುರಿಗೆ ಒಬ್ಬರು ಉತ್ತರ ಕೊಡುತ್ತಾರೆ ಎಂಬುದೇ ಗೊತ್ತಾಗಬೇಕು. ಮೊಣಕಾಲಿನ ಮೇಲಿನ ಆ ಎರಡು ತಟ್ಟು ಅದೇ. ವರದಿಯಲ್ಲಿ ‘ಕಲಿತ ಸನ್ನೆ: 0’ ಎಂದು ಬರೆದು ಹೋಗುವವರ ಮೇಲೆ ಸಿಟ್ಟು ಬರುವುದು ಇದಕ್ಕೇ.

ಕೊನೆಗೆ ಆ ಹುಡುಗಿಯೂ ಪಕ್ಕದಲ್ಲಿ ಕೂತು ಅಂಗೈ ನೆಲಕ್ಕೂರಿದಳು. ಸ್ವಲ್ಪ ಹೊತ್ತಿಗೆ ಅವನ ಕಿರುಬೆರಳು ಅವಳ ಕೈಗೆ ಬಂದು ತಾಗಿತು. ಅವಳು ಹಿಡಿಯಲಿಲ್ಲ.