ಯಾರ ಕಡೆಯಿಂದ ಬಂತು?

ಹೋದ ವರ್ಷ ನಮ್ಮ ಅಣ್ಣನ ಮಗಳಿಗೆ ಶುಗರ್ ಇದೆ ಅಂತ ಗೊತ್ತಾಯಿತು. ಅವಳಿಗೆ ಆಗ 8 ವರ್ಷ. ರಾತ್ರಿ ಎದ್ದೆದ್ದು ನೀರು ಕುಡಿಯುತ್ತಿದ್ದಳು, ಯಾವತ್ತೋ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿತ್ತು, ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಬಿಸಿಲಿಗೆ ಹಾಗಾಗಿದೆ ಅಂದುಕೊಂಡು 2 ವಾರ ಸುಮ್ನೆ ಇದ್ದೆವು. ಹಾಗೆ ಕಾಯಬಾರದಿತ್ತು. ಇಂಥ ಲಕ್ಷಣ ಕಂಡರೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ, ತಡವಾದರೆ ಜೀವಕ್ಕೇ ಅಪಾಯ.

ಮಗುವನ್ನು ನೋಡಲು ಬಂದ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಯಾರ ಕಡೆಯಿಂದ ಬಂತು? ಅತ್ತಿಗೆಯ ಅಪ್ಪನಿಗೆ ಶುಗರ್ ಇತ್ತು, ಸರಿ, ಎಲ್ಲರ ಕಣ್ಣೂ ಅತ್ತಿಗೆ ಮೇಲೆ. ಮಂಡ್ಯದವರು, ಬೆಲ್ಲ ಜಾಸ್ತಿ ತಿನ್ನಿಸಿರಬೇಕು ಅಂದವರೂ ಇದ್ದರು.

ಎರಡೂ ತಪ್ಪು. ತಾತನಿಗೆ 50 ದಾಟಿದ ಮೇಲೆ ಬಂದದ್ದು ಟೈಪ್ 2 ಅನ್ನುವ ಬಗೆಯ ಶುಗರ್. ಅದು ವಂಶದಲ್ಲಿ ಹರಿದು ಬರುವುದು ಜಾಸ್ತಿ, ನಿಜ. ಮಗುವಿಗೆ ಬಂದಿರುವುದು ಟೈಪ್ 1. ರೋಗದಿಂದ ಕಾಪಾಡಬೇಕಾದ ದೇಹದ ಶಕ್ತಿಯೇ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಹಾಕುತ್ತದೆ. ಬೆಲ್ಲಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇದರಲ್ಲಿ ವಂಶದ ಪಾಲೇ ಇಲ್ಲವೇ ಅಂದರೆ, ಇದೆ. ಎಚ್‌ಎಲ್‌ಎ ಅನ್ನುವ ಕೆಲವು ಜೀನ್‌ಗಳಿದ್ದರೆ ಅಪಾಯ ಹೆಚ್ಚು, ಅವು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತವೆ. ಆದರೆ ಆ ಜೀನ್ ಇರುವ ಹೆಚ್ಚಿನವರಿಗೆ ಕಾಯಿಲೆ ಬರುವುದೇ ಇಲ್ಲ. ಒಂದೇ ಥರ ಇರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಅಂತಲೂ ಇಲ್ಲ. ಅಪ್ಪನಿಗೆ ಟೈಪ್ 1 ಇದ್ದರೆ 100 ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ ಬರಬಹುದು, ಅಮ್ಮನಿಗೆ ಇದ್ದರೆ ಅದಕ್ಕಿಂತಲೂ ಕಡಿಮೆ. ನೋಡಿ, ನಾವು ಬೈಯುವುದು ಮಾತ್ರ ಅಮ್ಮನನ್ನೇ, ಅಲ್ವಾ? ಇನ್ನೂ ಒಂದು ಮಾತು, ಟೈಪ್ 1 ಬಂದ ಹೆಚ್ಚಿನ ಮಕ್ಕಳ ಮನೆಯಲ್ಲಿ ಅದಕ್ಕೆ ಮುಂಚೆ ಯಾರಿಗೂ ಅದು ಇರುವುದಿಲ್ಲ. ನಮ್ಮನೆಯಲ್ಲೂ ಅಷ್ಟೇ, ಎರಡೂ ಕಡೆ ವಿಚಾರಿಸಿ ನೋಡಿದ್ದೇವೆ.

ಅತ್ತಿಗೆಗೆ ಈಗ ಚಿಕ್ಕ ಮಗನ ಚಿಂತೆ. ಅಕ್ಕನಿಗೆ ಇದ್ದರೆ ತಮ್ಮನಿಗೆ ಬರುವ ಸಾಧ್ಯತೆ 100ಕ್ಕೆ ಸುಮಾರು 5 ಅಥವಾ 6. ಬೇರೆ ಮಕ್ಕಳಿಗಿಂತ ಇದು ಜಾಸ್ತಿಯೇ, ಆದರೂ 100ರಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ ಅಂತಲೇ ಅರ್ಥ. ಇದನ್ನು ಎಷ್ಟು ಸಲ ಹೇಳಿದರೂ ಅವರು ರಾತ್ರಿ ಎದ್ದು ಅವನ ಹಾಸಿಗೆ ಮುಟ್ಟಿ ನೋಡುತ್ತಾರೆ.

ನಮ್ಮನೆಗೆ ಬರುವವರು ದಯವಿಟ್ಟು ಅವರ ಮುಂದೆ ಆ ಪ್ರಶ್ನೆ ಎತ್ತಬೇಡಿ. ಮಗಳು ಈಗ ಇನ್ಸುಲಿನ್ ತಾನೇ ಚುಚ್ಚಿಕೊಳ್ಳುವುದು ಕಲಿತಿದ್ದಾಳೆ. ಅದನ್ನು ಕೇಳಿ, ತೋರಿಸುತ್ತಾಳೆ.