ಹಕ್ಕಿಯ ಬಾಲ

ಇವತ್ತು ಇಂಟರ್‌ವ್ಯೂಗೆ ಕಾಯುವಾಗ ಪಕ್ಕದಲ್ಲಿ ಕೂತಿದ್ದ ಹುಡುಗ ಅಂಗಿ ತೋಳಿನ ಗುಂಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ಬೆವರಿಳಿಯುತ್ತಿದ್ದರೂ ತೋಳು ಮಡಚಲಿಲ್ಲ. ಮಣಿಕಟ್ಟಿನ ಹತ್ತಿರ ಟ್ಯಾಟೂ ಹಕ್ಕಿಯ ಬಾಲ ಇಣುಕುತ್ತಿತ್ತು, ಅಷ್ಟೇ. ನಾನೂ ಮೊದಲು ನೋಡಿದ್ದು ಆ ಬಾಲವನ್ನೇ. ಸುಳ್ಳು ಯಾಕೆ ಹೇಳಲಿ, 'ಪೋಕರಿ ಇರಬೇಕು' ಅಂತ ಒಂದು ಕ್ಷಣ ಅನಿಸಿತು ಕೂಡ. ಫಾರಂ ತುಂಬುವಾಗ ನನ್ನ ಪೆನ್ನು ಕೈಕೊಟ್ಟಿತು. ಕೇಳುವ ಮೊದಲೇ ತನ್ನದನ್ನು ಚಾಚಿದವನು ಅವನೇ!

1991ರಲ್ಲಿ ಆಲ್ಪ್ಸ್ ಹಿಮದಲ್ಲಿ ಓಟ್ಸಿ ಅನ್ನೋ ಮನುಷ್ಯನ ದೇಹ ಸಿಕ್ಕಿತ್ತಲ್ವಾ, 5,000 ವರ್ಷಕ್ಕೂ ಹಳೆಯದು. ಮೈಮೇಲೆ 61 ಹಚ್ಚೆ. ಅವನನ್ನು ನೋಡೋಕೆ ಜನ ಮ್ಯೂಸಿಯಂಗೆ ಹೋಗುತ್ತಾರೆ. ಇಲ್ಲಿ ಇವನು ಒಂದು ಬಾಲ ಮುಚ್ಚೋಕೆ ಒದ್ದಾಡುತ್ತಿದ್ದ.

ಅಷ್ಟರಲ್ಲಿ ಅವನನ್ನು ಒಳಗೆ ಕರೆದರು. ಪೆನ್ನು ಇನ್ನೂ ನನ್ನ ಜೇಬಲ್ಲೇ ಇದೆ.