ಆಸ್ಟ್ರೇಲಿಯಾದ ‘ಬ್ಲಡಿ’ ಪುರಾಣ

ನಮ್ಮ ಕಡೆ ಯಾರಾದರೂ ‘ಬ್ಲಡಿ’ ಅಂದರೆ ಅದರ ಹಿಂದೆಯೇ ‘ಫೂಲ್’ ಅಥವಾ ‘ರಾಸ್ಕಲ್’ ಬರುತ್ತದೆ. ಹಳೇ ಸಿನಿಮಾಗಳಲ್ಲಿ ಕೋಟು ಹಾಕಿದ ಸಾಹುಕಾರರು ಬೆರಳು ತೋರಿಸಿ ಬೈಯುವಾಗ ಆಡುವ ಮಾತು ಅದು. ಅಂದವನಿಗೆ ಸಿಟ್ಟು ಬಂದಿದೆ, ಅನ್ನಿಸಿಕೊಂಡವನಿಗೆ ಅವಮಾನ ಆಗಿದೆ, ಅಷ್ಟೇ ಅರ್ಥ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮೆಲ್ಬರ್ನ್‌ಗೆ ಬಂದಿಳಿದವರಿಗೆ ಊರಿಗೆ ಊರೇ ಜಗಳಕ್ಕೆ ನಿಂತಿದೆಯೇನೋ ಅನ್ನಿಸುತ್ತದೆ.

ಬಿಸಿಲು ಜಾಸ್ತಿಯಾದರೆ ‘ಬ್ಲಡಿ ಹಾಟ್’. ಟ್ರೇನ್ ತಡವಾದರೆ ‘ಬ್ಲಡಿ ಟ್ರೇನ್’. ಪಕ್ಕದ ಮನೆಯ ಅಜ್ಜ ನಾವು ಕೊಟ್ಟ ಚಿತ್ರಾನ್ನ ತಿಂದು ‘ಬ್ಲಡಿ ಬ್ಯೂಟಿಫುಲ್’ ಅಂದಾಗ ನನ್ನ ಹೆಂಡತಿಯ ಮುಖ ನೋಡಬೇಕಿತ್ತು! ಒಬ್ಬನನ್ನು ‘ಬ್ಲಡಿ ಗುಡ್ ಬ್ಲೋಕ್’ ಅಂದರೆ ಬಹಳ ಒಳ್ಳೆಯವನು ಅಂತ. ನಾವು ಸಖತ್, ಭಾರೀ ಅನ್ನುವ ಕಡೆ ಇವರು ಇದನ್ನು ಹಾಕುತ್ತಾರೆ. ಸಾಲದು ಅಂತ ಪದದ ಹೊಟ್ಟೆಯೊಳಗೂ ತೂರಿಸುತ್ತಾರೆ: ‘ಆಬ್ಸೊ-ಬ್ಲಡಿ-ಲೂಟ್ಲಿ’, ‘ಫ್ಯಾನ್-ಬ್ಲಡಿ-ಟಾಸ್ಟಿಕ್’. ಅದಕ್ಕೂ ಒಂದು ವ್ಯಾಕರಣ ಇದೆ ನೋಡಿ. ಸಾಮಾನ್ಯವಾಗಿ ಒತ್ತು ಬೀಳುವ ಭಾಗಕ್ಕಿಂತ ಸರಿಯಾಗಿ ಮುಂಚೆ ಕೂರಬೇಕು. ‘ಆಬ್-ಬ್ಲಡಿ-ಸೊಲೂಟ್ಲಿ’ ಅಂದರೆ ಹೊಸಬ ಅಂತ ತಕ್ಷಣ ಗೊತ್ತಾಗುತ್ತದೆ.

ಈ ಚಾಳಿ ಇವತ್ತಿನದಲ್ಲ. ಅಲೆಕ್ಸಾಂಡರ್ ಮಾರ್ಜೊರಿಬ್ಯಾಂಕ್ಸ್ ಅನ್ನುವ ಪ್ರವಾಸಿ 1847ರಲ್ಲಿ ನ್ಯೂ ಸೌತ್ ವೇಲ್ಸ್ ಬಗ್ಗೆ ಒಂದು ಪುಸ್ತಕ ಬರೆದ. ಎತ್ತಿನ ಗಾಡಿ ಹೊಡೆಯುವವನೊಬ್ಬ ಕಾಲು ಗಂಟೆಯಲ್ಲಿ ಎಷ್ಟು ಸಲ ಈ ಪದ ಅನ್ನುತ್ತಾನೆ ಅಂತ ಈತ ಎಣಿಸಿದನಂತೆ. 25 ಸಲ! ಅಷ್ಟಕ್ಕೇ ಬಿಡಲಿಲ್ಲ. ದಿನಕ್ಕೆ 8 ಗಂಟೆ ನಿದ್ದೆ, 6 ಗಂಟೆ ಮೌನ, ಉಳಿದ 10 ಗಂಟೆ ಮಾತು, ಇಪ್ಪತ್ತನೇ ವಯಸ್ಸಿನಿಂದ ಎಪ್ಪತ್ತರವರೆಗೆ ಅಂತ ಗುಣಿಸಿದ. ಒಂದು ಜನ್ಮಕ್ಕೆ 1 ಕೋಟಿ 82 ಲಕ್ಷ ಸಲ ಅಂತ ಬಂತು. ಆತ ಇದನ್ನು ಅಸಹ್ಯದ ಪದ ಅಂತಲೇ ಕರೆದ. ಆದರೂ ಕೂತು ಇಷ್ಟು ಲೆಕ್ಕ ಹಾಕಿದ್ದಾನೆ ಅಂದರೆ ಒಳಗೊಳಗೇ ಖುಷಿಪಟ್ಟಿರಬೇಕು ಅಂತ ನನಗೆ ಗುಮಾನಿ.

ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಮಾತ್ರ ಇದನ್ನು ಬಾಯಿಗೆ ತರುವ ಹಾಗಿರಲಿಲ್ಲ. 1914ರಲ್ಲಿ ಬರ್ನಾರ್ಡ್ ಶಾ ಅವರ ನಾಟಕದಲ್ಲಿ ಹೂ ಮಾರುವ ಹುಡುಗಿ ಲಂಡನ್ ರಂಗಮಂಚದ ಮೇಲೆ ಈ ಪದ ಅಂದಿದ್ದಕ್ಕೆ ದೊಡ್ಡ ಗುಲ್ಲೇ ಆಯಿತು. ಈ ಪದ ‘ಬೈ ಅವರ್ ಲೇಡಿ’ ಅನ್ನುವ ಮೇರಿ ಮಾತೆಯ ಆಣೆಯಿಂದ ಬಂತು ಅಂತ ಈಗಲೂ ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ನಿಘಂಟು ಮಾಡುವವರು ಒಪ್ಪುವುದಿಲ್ಲ.

ಇಲ್ಲಿ ಈ ಪದಕ್ಕೆ ಸರ್ಕಾರಿ ಕೆಲಸವೂ ಸಿಕ್ಕಿದೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ರಸ್ತೆ ಅಪಘಾತಕ್ಕೆ ಪರಿಹಾರ ಕೊಡುವ ಸರ್ಕಾರಿ ಸಂಸ್ಥೆ ಟಿಎಸಿ. ಅದು 1989ರಲ್ಲಿ ಒಂದು ಪ್ರಚಾರ ಶುರುಮಾಡಿತು: ಕುಡಿದು ಗಾಡಿ ಓಡಿಸಿದರೆ ‘ಯೂ ಆರ್ ಎ ಬ್ಲಡಿ ಈಡಿಯಟ್’. ಟೀವಿಯಲ್ಲಿ, ಬೋರ್ಡುಗಳ ಮೇಲೆ ವರ್ಷಗಟ್ಟಲೆ ಅದೇ ಮಾತು. ‘ಬ್ಲಡಿ’ ತೆಗೆದು ಆ ಸಾಲು ಓದಿ ನೋಡಿ, ಹೆಡ್‌ಮಾಸ್ತರ ಬುದ್ಧಿಮಾತಾಗುತ್ತದೆ. ಅದು ಇದ್ದರೆ ಗೆಳೆಯನೊಬ್ಬ ಕಾರಿನ ಕೀ ಕಿತ್ತುಕೊಂಡು ಬೈದ ಹಾಗಿರುತ್ತದೆ. ಕನ್ನಡದಲ್ಲಿ ಸರ್ಕಾರ ನಮ್ಮನ್ನು ಹೀಗೆ ಬೈಯುವುದನ್ನು ನನ್ನಿಂದ ಊಹಿಸಲು ಆಗುವುದಿಲ್ಲ.

ಈ ಧೈರ್ಯ ಹೊರದೇಶದಲ್ಲಿ ಸ್ವಲ್ಪ ಕೈಕೊಟ್ಟಿತು. 2006ರಲ್ಲಿ ಪ್ರವಾಸೋದ್ಯಮ ಸಂಸ್ಥೆಯವರು ಸುಮಾರು 18 ಕೋಟಿ ಡಾಲರ್ ಖರ್ಚಿನ ಜಾಹೀರಾತು ಮಾಡಿದರು. ನಿಮಗೆ ಬಿಯರ್ ಸುರಿದಿಟ್ಟಿದ್ದೇವೆ, ಒಂಟೆಗೆ ಸ್ನಾನ ಮಾಡಿಸಿದ್ದೇವೆ ಅಂತೆಲ್ಲಾ ಉಪಚಾರ ಹೇಳಿ, ಕೊನೆಗೆ ಸಮುದ್ರದ ದಂಡೆಯಲ್ಲಿ ನಿಂತ ಮಾಡೆಲ್ ಲಾರಾ ಬಿಂಗಲ್ ‘ಸೋ ವೇರ್ ದ ಬ್ಲಡಿ ಹೆಲ್ ಆರ್ ಯೂ?’ ಅಂತ ಕೇಳುತ್ತಾಳೆ. ಎಲ್ಲಿ ಹಾಳಾಗಿ ಹೋಗಿದ್ದೀರಿ ಮಾರಾಯ್ರೇ, ಬನ್ನಿ ಅಂತ. ಬ್ರಿಟನ್ನಿನ ಟೀವಿಯವರು ಮೊದಲು ಬೇಡ ಅಂದರು. ಇಲ್ಲಿನ ಮಂತ್ರಿ ಲಂಡನ್ನಿಗೆ ಹೋಗಿ ಒಪ್ಪಿಸಿಕೊಂಡು ಬರಬೇಕಾಯಿತು. ಸಿಂಗಾಪುರದಲ್ಲಂತೂ ಆ ಎರಡು ಪದ ತೆಗೆದೇ ತೋರಿಸಿದರು. ಮಜಾ ಇರುವುದು ಮುಂದೆ. ಆಗ ಆ ಸಂಸ್ಥೆಯ ಮುಖ್ಯಸ್ಥರಾಗಿದ್ದವರು ಸ್ಕಾಟ್ ಮಾರಿಸನ್. 2018ರಲ್ಲಿ ಅವರು ಪ್ರಧಾನಿಯಾದರು. 2019ರ ಡಿಸೆಂಬರ್‌ನಲ್ಲಿ ದೇಶದ ಕಾಡು ಹೊತ್ತಿ ಉರಿಯುವಾಗ ಸಂಸಾರ ಸಮೇತ ಹವಾಯಿಗೆ ರಜೆಗೆ ಹೋದರು. ಜನ ಸುಮ್ನೆ ಬಿಡುತ್ತಾರಾ? ಅವರದೇ ಜಾಹೀರಾತಿನ ಪ್ರಶ್ನೆಯನ್ನು ಅವರಿಗೇ ಕೇಳಿದರು.

ಹಾಗಂತ ಹೊಸದಾಗಿ ಬರುವ ನಮ್ಮ ಹುಡುಗರು ಇದನ್ನೆಲ್ಲಾ ನೋಡಿ ಬಾಯಿ ಸಡಿಲ ಬಿಡಬೇಡಿ. ಮಾತು ಯಾರ ಕಡೆ ತಿರುಗಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಹವಾಮಾನಕ್ಕೆ, ಪ್ರಿಂಟರ್‌ಗೆ, ಕ್ರಿಕೆಟ್ ಟೀಮಿಗೆ ಅಂದರೆ ಯಾರೂ ತಲೆ ಎತ್ತುವುದಿಲ್ಲ. ಪರಿಚಯ ಇಲ್ಲದವರ ಮುಖ ನೋಡಿ ‘ಯೂ ಬ್ಲಡಿ...’ ಅಂತ ಶುರುಮಾಡಿದರೆ ಅದು ಜಗಳವೇ. ಅದರ ಮುಂದೆ ಒಬ್ಬರ ದೇಶದ ಹೆಸರೋ ಬಣ್ಣವೋ ಸೇರಿದರೆ ತಮಾಷೆ ಅಂತ ಸಮಜಾಯಿಷಿ ಕೊಡಲು ಬರುವುದಿಲ್ಲ. ನಿಮಗೆ ಯಾರಾದರೂ ಹಾಗೆ ಅಂದರೆ ‘ಇಲ್ಲಿ ಹೀಗೇ ಮಾತಾಡ್ತಾರೆ’ ಅಂತ ನುಂಗಿಕೊಳ್ಳಬೇಕಾಗಿಯೂ ಇಲ್ಲ. ಕಟ್ಟಡ ಕೆಲಸದ ಜಾಗದಲ್ಲಿ ‘ಸ್ಮೋಕೋ’ ಅನ್ನುವ ಚಹಾ ಬಿಡುವಿನಲ್ಲಿ ನಡೆಯುವ ಮಾತು ಬ್ಯಾಂಕಿನ ಕೌಂಟರಿನಲ್ಲಿ ನಡೆಯುವುದಿಲ್ಲ. ಮಕ್ಕಳು ಕ್ಲಾಸಿನಲ್ಲಿ ಅಂದರೆ ಟೀಚರ್ ಗದರುತ್ತಾರೆ.

ಈಗಿನ ಹುಡುಗ ಹುಡುಗಿಯರ ಬಾಯಲ್ಲಿ ‘ಬ್ಲಡಿ’ ಕಡಿಮೆಯಾಗುತ್ತಿದೆ. ಅವರಿಗೆ ಅದು ಅಜ್ಜಂದಿರ ಕಾಲದ ಸಪ್ಪೆ ಮಾತು. ಆ ಜಾಗಕ್ಕೆ ನಾಲ್ಕಕ್ಷರದ ಇನ್ನೊಂದು ಪದ ಬಂದು ಕೂತಿದೆ. ಅದರ ಪುರಾಣ ಇದಕ್ಕಿಂತ ಉದ್ದ ಇದೆ. ಆದರೆ ನಾನು ಬರೆದಿದ್ದನ್ನೆಲ್ಲಾ ನಮ್ಮಮ್ಮ ಊರಲ್ಲಿ ನೆಂಟರಿಗೆ ಓದಿ ಹೇಳುತ್ತಾರೆ, ಅದಕ್ಕೇ ಆ ತಂಟೆ ಬೇಡ.